ಆರಡಿ ನೀರು, ಐದು ಜನ

ನಮ್ಮ ರಾಯಚೂರು ಜಿಲ್ಲೆಗೆ ನೀರಿನ ಬರ ಅಂದವರು ಯಾರು? ಶಾಲೆಯ ಗೋಡೆ ಮೇಲಿನ ನಕಾಶೆ ನೋಡಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾವು. ಹಳಬರು ಎಡೆದೊರೆ ನಾಡು ಅಂತ ಸುಮ್ನೆ ಕರೆದರಾ? ಈ ನೆಲಕ್ಕಾಗಿ ಕೃಷ್ಣದೇವರಾಯ 1520ರಲ್ಲಿ ಹಂಪಿಯಿಂದ ದಂಡು ಕಟ್ಟಿಕೊಂಡು ಬಂದು ವಿಜಾಪುರದ ಆದಿಲ್‌ಶಾಹನನ್ನು ಸೋಲಿಸಿದ. ಈಗ ಬಂದಿದ್ದರೆ ನಮ್ಮೂರ ಕಾಲುವೆ ನೋಡಿ, ‘ನೀವೇ ಇಟ್ಕೊಳ್ರಪ್ಪಾ’ ಅಂತ ಆನೆ ತಿರುಗಿಸುತ್ತಿದ್ದ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಕಾಲುವೆ 227 ಕಿಲೋಮೀಟರ್ ಉದ್ದ. ಜೋಳ, ಹತ್ತಿ, ಶೇಂಗಾದಂಥ ಬೆಳೆ ಜಾಸ್ತಿ ಅಂತ ಲೆಕ್ಕ ಹಾಕಿ ತೋಡಿದ್ದು. ಈಗ ಗಂಗಾವತಿ, ಕಾರಟಗಿ, ಸಿಂಧನೂರು ದಾಟುವವರೆಗೂ ಕಣ್ಣು ಹಾಯಿಸಿದಷ್ಟು ಭತ್ತ. ಜಲಾಶಯವೂ 133 ಟಿಎಂಸಿ ಇದ್ದದ್ದು ಸುಮಾರು 105ಕ್ಕೆ ಇಳಿದಿದೆ. ತನ್ನ ಪಾಲು ತಪ್ಪದೆ ತಗೊಂಡಿದ್ದು ಹೂಳು ಒಂದೇ.

2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಆಗ ನೋಡಬೇಕಿತ್ತು ಹೊಳೆಯನ್ನ! ಗೇಟು ಮುರಿದರೆ ನಮ್ಮ ಕಡೆ ನೀರು ಬರುತ್ತದೆ. ತೆರೆದರೆ ಬರಲ್ಲ.

ನೀರು ಯಾವಾಗ ಬಿಡಬೇಕು ಅನ್ನೋ ಸಭೆ ಕೆಲವು ಸಲ ಬೆಂಗಳೂರಿನಲ್ಲೇ ನಡೆಯುತ್ತದೆ. ಅಲ್ಲಿಂದ ಕಾಣುವ ಕಾಲುವೆ ನೀಲಿ ಗೆರೆ. ಗೆರೆಗೆ ತಲೆ ಯಾವುದು, ಬಾಲ ಯಾವುದು? ಪೂರ್ತಿ ಒಂದೇ ನೀಲಿ.

ಆಮೇಲೆ ನೀರು ಕಳ್ಳತನ ಆಗಬಾರದು ಅಂತ ದಂಡೆ ಮೇಲೆ ನಿಷೇಧಾಜ್ಞೆ. ಐದು ಜನ ಸೇರುವಂತಿಲ್ಲ. ಕಾಲುವೆಯ ಮೇಲ್ಭಾಗದಲ್ಲಿ ರಾತ್ರಿಯಿಡೀ ಪಂಪು ಗುರ್ ಅನ್ನುತ್ತವೆ. ಅವು ಜನ ಅಲ್ಲವಲ್ಲ, ಎಷ್ಟು ಸೇರಿದರೂ ತಪ್ಪಿಲ್ಲ. ಇಲ್ಲಿ ನಮ್ಮ ಹುಡುಗರು ಕಾಲುವೆಯೊಳಗೇ ಕ್ರಿಕೆಟ್ ಆಡುತ್ತಾರೆ. ಗೋಡೆ ಮೇಲೆ ನೀರಿನ ಎತ್ತರ ಅಳೆಯಲು ಅಡಿ ಲೆಕ್ಕಕ್ಕೆ ಬಿಳಿ ಬಣ್ಣದಲ್ಲಿ ಬರೆದ ಗೇಜ್ ಇದೆ. ಆರರ ಗೆರೆಗೆ ಬಾಲ್ ಬಡಿದರೆ ಸಿಕ್ಸರ್. ಆ ಗೆರೆಯಿಂದ ಊರಿಗೆ ಆದ ಉಪಯೋಗ ಇಷ್ಟೇ. ಹೋದ ವಾರ ಪೊಲೀಸರು ಬಂದು ಹುಡುಗರನ್ನು ಓಡಿಸಿದರು. ಇಪ್ಪತ್ತೆರಡು ಜನ ಇದ್ದರಂತೆ, ತಪ್ಪೇ ಅಲ್ವಾ?

ತಡೆಯಲಾರದೆ ನಾನೇ ನೀರಾವರಿ ಇಲಾಖೆ ಸಾಹೇಬರಿಗೆ ಫೋನ್ ಹಚ್ಚಿದೆ.

‘ನೀರು ಬಿಟ್ಟೀವಲ್ರಿ! ರಿಪೋರ್ಟ್‌ನ್ಯಾಗ ನಿಮ್ಮ ಗೇಜ್ ಆರಡಿ ಐತಿ.’

‘ಸಾಹೇಬ್ರ, ನಾನು ಕಾಲುವಿ ಒಳಗ ನಿಂತು ಮಾತಾಡಾಕತ್ತೀನ್ರಿ.’

ಸಾಹೇಬರು ಗಾಬರಿಯಾದರು.

‘ಲಗೂನ ಹೊರಗ ಬರ್ರಿ, ಮುಳುಗೀರಿ!’