ಹೊಗೆ ಕಂಡ ಕೂಡಲೇ ಇಂಜಿನ್ ಬಿಚ್ಚಿಸಬೇಡಿ

ಹಳೆಯ ಪೆಟ್ರೋಲ್ ಕಾರಿನ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆ ಎಂದರೆ ನಮ್ಮ ಕಡೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು." ಎಂದರೆ ಪಿಸ್ಟನ್ನಿನ ಸುತ್ತಲಿನ ರಿಂಗು ಸವೆದಿದೆ, ಇಂಜಿನ್ ಬಿಚ್ಚಿ ಸಿಲಿಂಡರನ್ನು ಕೊರೆಸಬೇಕು ಎಂದು. ಕೆಲವು ಸಲ ಅದು ನಿಜವೂ ಆಗಿರುತ್ತದೆ. ಆದರೆ ಹೊಗೆ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳದೆ, ಇಂಜಿನ್ನಿನ ಉಸಿರಾಟದ ದಾರಿ ಕಟ್ಟಿಕೊಂಡಿದೆಯೇ ಎಂದು ನೋಡದೆ ಆಡಿದ ಆ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ನಮ್ಮ ಮನೆಯ ಕಾರೇ ಕಾರಣ.

ನಮ್ಮದು 2002ರ ಮಾರುತಿ ಎಸ್ಟೀಮ್. 1298 ಸಿಸಿಯ, 16 ವಾಲ್ವಿನ ಇಂಜಿನ್. ಅಪ್ಪ ಕೊಂಡ ಗಾಡಿ. ತೀರ್ಥಹಳ್ಳಿಯಲ್ಲಿ ಅದರ ನಿತ್ಯದ ಓಡಾಟ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ, ಹೆಚ್ಚೆಂದರೆ ಮೂರು ಕಿಲೋಮೀಟರ್. ಕಳೆದ ಮಳೆಗಾಲದ ಕೊನೆಯಲ್ಲಿ ಉಡುಪಿಯಿಂದ ಮರಳುತ್ತಾ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದಾಗ, ಹಿಂದೆ ಬರುತ್ತಿದ್ದ ಬೈಕಿನವರೊಬ್ಬರು ಪಕ್ಕಕ್ಕೆ ಬಂದು, "ಸಾರ್, ನಿಮ್ಮ ಗಾಡಿ ತುಂಬ ಹೊಗೆ ಬಿಡ್ತಿದೆ, ನೋಡ್ಕೊಳ್ಳಿ" ಎಂದು ಹೇಳಿ ಹೋದರು. ಮನೆಗೆ ಬಂದು ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ಮರುದಿನ ಗ್ಯಾರೇಜಿನಲ್ಲಿ ಆಯಿಲ್ ಮುಚ್ಚಳ ತೆಗೆದು, ಅಲ್ಲಿಂದ ಹೊಗೆ ಏಳುವುದನ್ನು ಕಂಡು, "ಬ್ಯಾಕ್ ಕಂಪ್ರೆಷನ್ ಹೊಡೀತಿದೆ, ಇಂಜಿನ್ ಬಿಚ್ಚಲೇಬೇಕು" ಎಂದು 45,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜನ್ನು ಕೈಗೂ ತೆಗೆದುಕೊಳ್ಳಲಿಲ್ಲ.

ಬ್ಯಾಕ್ ಕಂಪ್ರೆಷನ್ ಎನ್ನುವುದು ಸವೆದ ಇಂಜಿನ್ನಿಗೆ ಮಾತ್ರ ಬರುವ ರೋಗವಲ್ಲ. ಸಿಲಿಂಡರಿನಲ್ಲಿ ಉರಿದ ಅನಿಲದ ಒಂದಿಷ್ಟು ಪಾಲು ರಿಂಗುಗಳ ಸಂದಿಯಿಂದ ಕೆಳಗೆ ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ಇಳಿಯುವುದು ಹೊಸ ಇಂಜಿನ್ನಿನಲ್ಲೂ ತಪ್ಪುವುದಿಲ್ಲ. ಹಿಂದಿನ ಕಾಲದ ಕಾರುಗಳಲ್ಲಿ ಈ ಅನಿಲವನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೇ ಬಿಡುತ್ತಿದ್ದರು. ಅದರಿಂದ ಊರಿನ ಗಾಳಿ ಕೆಡುತ್ತದೆಂದು ಮನಗಂಡ ಕ್ಯಾಲಿಫೋರ್ನಿಯಾ ರಾಜ್ಯವು, ಅನಿಲವನ್ನು ಮತ್ತೆ ಇಂಜಿನ್ನಿಗೇ ಎಳೆದು ಸುಡುವ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವ್ಯವಸ್ಥೆಯನ್ನು 1961ರಲ್ಲಿ ಕಡ್ಡಾಯ ಮಾಡಿತು; ವಾಹನದ ಮಾಲಿನ್ಯ ತಡೆಯಲು ಅಮೆರಿಕದಲ್ಲಿ ಕಡ್ಡಾಯವಾದ ಮೊದಲ ಸಾಧನವೇ ಇದು. ನಮ್ಮ ಎಸ್ಟೀಮಿನಲ್ಲಿ ಅದು ಹೆಬ್ಬೆರಳಿನಷ್ಟು ದೊಡ್ಡ ವಾಲ್ವು. ಇಂಜಿನ್ನಿನ ಮೇಲಿನ ಟ್ಯಾಪೆಟ್ ಕವರಿನಿಂದ ಬರುವ ರಬ್ಬರ್ ಪೈಪು ಅದರ ಮೂಲಕ, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುತ್ತದೆ.

ವಾಲ್ವಿನೊಳಗೆ ಇರುವುದು ಒಂದು ಸ್ಪ್ರಿಂಗು, ಒಂದು ಸಣ್ಣ ಪ್ಲಂಜರು. ಐಡಲಿನಲ್ಲಿ, ಎಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುತ್ತಿರುವಾಗ, ಮ್ಯಾನಿಫೋಲ್ಡಿನ ಎಳೆತ ಜೋರಾಗಿರುವುದರಿಂದ ಪ್ಲಂಜರ್ ಒಳಕ್ಕೆ ಸರಿದು ದಾರಿಯನ್ನು ಕಿರಿದು ಮಾಡುತ್ತದೆ. ಒಂದೇ ವೇಗದಲ್ಲಿ ಓಡುವಾಗ ಎಳೆತ ತಗ್ಗಿ ದಾರಿ ಅಗಲವಾಗುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಳೆತವೇ ಇರುವುದಿಲ್ಲವಾದ್ದರಿಂದ, ಹೆಚ್ಚಾದ ಅನಿಲ ಇನ್ನೊಂದು ಪೈಪಿನಲ್ಲಿ, ಎಂದರೆ ಬ್ರೀದರಿನಲ್ಲಿ, ಹಿಂದಕ್ಕೆ ಹೋಗಿ ಏರ್ ಫಿಲ್ಟರ್ ಕಡೆಯಿಂದ ಇಂಜಿನ್ ಸೇರುತ್ತದೆ. ವಾಲ್ವು ಜಿಡ್ಡು ಕಟ್ಟಿ ಮುಚ್ಚಿಕೊಂಡರೆ ಏನಾಗುತ್ತದೆ ಎಂಬುದು ಇಲ್ಲೇ ತಿಳಿಯುತ್ತದೆ. ಇಡೀ ಅನಿಲ ಬ್ರೀದರಿನಲ್ಲೇ ನುಗ್ಗುತ್ತದೆ, ತನ್ನೊಡನೆ ಆಯಿಲಿನ ತುಂತುರನ್ನೂ ಹೊತ್ತು ತಂದು ಫಿಲ್ಟರನ್ನು ತೋಯಿಸುತ್ತದೆ, ಆ ಆಯಿಲನ್ನು ಇಂಜಿನ್ ಒಳಗೆಳೆದುಕೊಂಡು ಸುಡುತ್ತದೆ. ರಿಂಗು ಗಟ್ಟಿಯಾಗಿದ್ದರೂ ಏರಿನಲ್ಲಿ ನೀಲಿ ಹೊಗೆ. ಒಳಗಿನ ಒತ್ತಡ ಅಷ್ಟಕ್ಕೇ ಸುಮ್ಮನಿರದೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ಟಿನಲ್ಲೂ ಕ್ರ್ಯಾಂಕಿನ ಆಯಿಲ್ ಸೀಲಿನಲ್ಲೂ ಸೋರಿಕೆ ಹುಟ್ಟಿಸುತ್ತದೆ. ವಾಲ್ವು ತೆರೆದೇ ಸಿಕ್ಕಿಕೊಂಡರೆ ಐಡಲ್ ನಡುಗುತ್ತದೆ, ಇಳಿಜಾರಿನಲ್ಲಿ ಆಯಿಲ್ ಎಳೆದುಕೊಳ್ಳುತ್ತದೆ.

ಲಾರಿ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಚಿಕ್ಕಪ್ಪ ಅಂದಾಜಿನ ಚೀಟಿ ನೋಡಿ, "ಬಿಚ್ಚೋದು ಇದ್ದಿದ್ದೇ, ಮೊದಲು ಫಿಲ್ಟರ್ ಡಬ್ಬಿ ತೆಗಿಯೋ" ಎಂದರು. ಫಿಲ್ಟರಿನ ಒಂದು ಮೂಲೆ ಬೋಂಡ ಕಟ್ಟಿದ ಕಾಗದದಂತೆ ಎಣ್ಣೆ ಕುಡಿದು ಕೂತಿತ್ತು. ಆಯಿಲ್ ಮುಚ್ಚಳದ ಒಳಮೈಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ಕೆನೆ. ಅದನ್ನು ಕಂಡು ನಾನು ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಆಯಿಲಿಗೆ ಸೇರಿತೆಂದೇ ಹೆದರಿದೆ. ಆದರೆ ಆ ನೀರು ಒಂದಿಷ್ಟೂ ಇಳಿದಿರಲಿಲ್ಲ. ಮಲೆನಾಡಿನ ತೇವದಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಗಾಡಿಗಳಲ್ಲಿ ಒಳಗಿನ ನೀರಾವಿ ಹೊರಹೋಗದೆ ಆಯಿಲಿನೊಡನೆ ಕಲೆತು ಇಂಥ ಕೆನೆಯಾಗುತ್ತದೆ, ಕೊನೆಗೆ ವಾಲ್ವನ್ನೂ ಕಟ್ಟಿಸುತ್ತದೆ.

ಚಿಕ್ಕಪ್ಪ ಬ್ರೀದರ್ ಪೈಪನ್ನು ಇಕ್ಕಳದಿಂದ ಅದುಮಿ ಹಿಡಿದು, ಇಂಜಿನ್ ಐಡಲಿನಲ್ಲಿರುವಾಗಲೇ ಆಯಿಲ್ ಹಾಕುವ ಬಾಯಿಯ ಮೇಲೆ ಮಗಳ ನೋಟ್‌ಬುಕ್ಕಿನ ಹಾಳೆಯೊಂದನ್ನು ಇಡಲು ಹೇಳಿದರು. ಉಸಿರಾಟ ಸರಿಯಿದ್ದರೆ ಹಾಳೆ ಮೆಲ್ಲಗೆ ಒಳಕ್ಕೆ ಎಳೆದು ಕಚ್ಚಿಕೊಳ್ಳಬೇಕು. ನಮ್ಮದು ಪಟಪಟ ಹೊಡೆದುಕೊಂಡು ಹಾರಿ ಹೋಯಿತು. ವಾಲ್ವು ಕಳಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಪ್ಲಂಜರಿನ ಟಿಕ್ ಟಿಕ್ ಸದ್ದು ಕೇಳಬೇಕಿತ್ತು, ಕೇಳಲಿಲ್ಲ. ಬಳಿಕ ಗೇಜ್ ತರಿಸಿ ಕಂಪ್ರೆಷನ್ ನೋಡಿದೆವು: ನಾಲ್ಕು ಸಿಲಿಂಡರುಗಳಲ್ಲಿ ಚದರ ಸೆಂಟಿಮೀಟರಿಗೆ 13, 13, 12.5, 13 ಕೆಜಿ. ಇಷ್ಟು ಸಮನಾಗಿರುವ ಇಂಜಿನ್ನಿಗೆ ಬೋರ್ ಮಾಡಿಸುವುದು ಅನ್ಯಾಯ. (ಗೇಜಿನ ಅಳತೆ ಕಡಿಮೆ ಬಂದರೆ ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು, ಏರಿದರೆ ರಿಂಗಿನ ಸವೆತ, ಏರದಿದ್ದರೆ ಸಿಲಿಂಡರಿನ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ಟು.)

ಹೊಸ ವಾಲ್ವು, ಪೈಪು, ಫಿಲ್ಟರು, ಆಯಿಲ್ ಎಲ್ಲ ಸೇರಿ ಮೂರು ಸಾವಿರವೂ ಆಗಲಿಲ್ಲ. ಅದೇ ಘಾಟಿಯನ್ನು ಮತ್ತೆ ಹತ್ತಿದಾಗ ಹೊಗೆ ಇರಲಿಲ್ಲ. ಆದರೆ ಇಳಿಯುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟುಕೊಂಡು ಬಂದು ಬುಡದಲ್ಲಿ ಒತ್ತಿದರೆ ಒಂದು ಸಣ್ಣ ನೀಲಿ ಮೋಡ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅಂಥದ್ದೇ ಇನ್ನೊಂದು. ಪಿಸಿವಿ ಹೊಸದಾದ ಮೇಲೂ ಉಳಿದ ಈ ಹೊಗೆ ವಾಲ್ವ್ ಸೀಲುಗಳದು, ಎಂದರೆ ಸಿಲಿಂಡರಿನ ವಾಲ್ವುಗಳ ಕಡ್ಡಿಯ ಗುಂಟ ಆಯಿಲ್ ಇಳಿಯದಂತೆ ತಡೆಯುವ ಸಣ್ಣ ಸೀಲುಗಳದು. ಅವನ್ನು ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ ವಾಲ್ವುಗಳನ್ನು ಎತ್ತಿಹಿಡಿದು, ಹೆಡ್ ಇಳಿಸದೆಯೇ ಡಿಸೆಂಬರಿನಲ್ಲಿ ಬದಲಾಯಿಸಿದೆವು.

ಕಪ್ಪು ಹೊಗೆಯ ಮಾತು ಬೇರೆ, ಅದು ಪೆಟ್ರೋಲ್ ಹೆಚ್ಚಾದ ಲಕ್ಷಣ. ಚಳಿಯ ಬೆಳಿಗ್ಗೆ ಕಾಣುವ ಬಿಳಿ ಆವಿ ಕೆಲವೇ ನಿಮಿಷಗಳಲ್ಲಿ ಕರಗಿದರೆ ಚಿಂತೆಯಿಲ್ಲ. ಇಂಜಿನ್ ಬಿಸಿಯಾದ ಮೇಲೂ ಬರುತ್ತಾ ಕೂಲಂಟ್ ಇಳಿಯುತ್ತಿದ್ದರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಬೇಕು.

ನನಗೆ ತೀರ ಬೇಸರ ತರಿಸುವುದು, ಫಿಲ್ಟರಿಗೆ ಎಣ್ಣೆ ಬರುತ್ತಿದೆ ಎಂದ ಕೂಡಲೇ ಬ್ರೀದರ್ ಪೈಪನ್ನು ಕಿತ್ತು ರಸ್ತೆಗೆ ಜೋತುಬಿಡುವ ಪದ್ಧತಿ. ಹೊಗೆ ಕಡಿಮೆಯಾದಂತೆ ಕಾಣುತ್ತದೆ; ಆದರೆ ಕಟ್ಟಿದ ವಾಲ್ವು ಕಟ್ಟಿದಂತೆಯೇ ಇರುತ್ತದೆ, ಆಯಿಲ್ ರಸ್ತೆಗೆ ಸುರಿಯುತ್ತದೆ, ವಿಷದ ಗಾಳಿ ಹಿಂದೆ ಬರುವವರ ಮುಖಕ್ಕೆ ಹೋಗುತ್ತದೆ. ಎಮಿಷನ್ ಪರೀಕ್ಷೆಯಲ್ಲೂ ಇದು ಸಿಕ್ಕಿಬೀಳುವುದಿಲ್ಲ. ನಿಂತ ಗಾಡಿಯ ಸೈಲೆನ್ಸರಿಗೆ ನಳಿಗೆ ತೂರಿಸಿ ಅಳೆಯುವ ಯಂತ್ರಕ್ಕೆ ಘಾಟಿಯ ಏರಿನ ಹೊಗೆ ತಿಳಿಯುವುದಾದರೂ ಹೇಗೆ? ಆ ಬೈಕಿನವರು ಎಚ್ಚರಿಸಿದ ದಿನ ನಮ್ಮ ಕಾರಿನ ಸರ್ಟಿಫಿಕೇಟೂ ಚಾಲ್ತಿಯಲ್ಲಿತ್ತು.

ಈಗ ಭಾನುವಾರಗಳಲ್ಲಿ ಗಾಡಿಯನ್ನು ಮಂಡಗದ್ದೆಯವರೆಗೆ ಓಡಿಸಿಕೊಂಡು ಬರುತ್ತೇನೆ, ಆಯಿಲ್ ಚೆನ್ನಾಗಿ ಕಾದು ತೇವ ಹೊರಹೋಗಲಿ ಎಂದು. ಹೋದ ವಾರ ಮುಚ್ಚಳ ತೆಗೆದು ನೋಡಿದೆ, ಕೆನೆ ಇರಲಿಲ್ಲ.