ನಮ್ಮೂರಿನ ರಿಕ್ಲೈನರ್

ರಿಕ್ಲೈನರ್ ಅಂದ್ರೆ ಏನು ಅಂತ ನಮ್ಮೂರಿಗೆ ಗೊತ್ತಾಗಿದ್ದು 2025ರ ಫೆಬ್ರವರಿಯಲ್ಲಿ. ಊಟಕ್ಕೆ ಎದ್ದುಹೋದ ಶಾಸಕರು ಮಧ್ಯಾಹ್ನದ ಮೇಲೆ ಸದನಕ್ಕೆ ಬರುವುದೇ ಇಲ್ಲ, ಅದಕ್ಕೆ ವಿಧಾನಸೌಧದಲ್ಲೇ ಕಾಲು ಚಾಚಿ ಒಂದು ನಿದ್ದೆ ತೆಗೆಯುವಂಥ ಕುರ್ಚಿ ಹಾಕಿಸುತ್ತೇವೆ ಅಂತ ಸ್ಪೀಕರ್ ಹೇಳಿದ್ದರು. ಹದಿನೈದು ಕುರ್ಚಿ, ಅದೂ ಬಾಡಿಗೆಗೆ. ಬೆಳಗ್ಗೆ ಬೇಗ ಬರಲಿ ಅಂತ ತಿಂಡಿ ಮೊದಲೇ ಶುರುವಾಗಿತ್ತು. ನಮ್ಮ ಅಂಗನವಾಡಿಯಲ್ಲೂ ಇದೇ ಪದ್ಧತಿ. ಬಂದ ಕೂಡಲೇ ತಿಂಡಿ, ಊಟ ಆದಮೇಲೆ ಮಲಗಿಸುವುದು. ಆದರೆ ಅಲ್ಲಿ ಚಾಪೆ.

ಸುಳ್ಳು ಯಾಕೆ ಹೇಳಲಿ, ನನಗೆ ಆ ಕುರ್ಚಿ ಮೇಲೆ ಸಿಟ್ಟೇನೂ ಬರಲಿಲ್ಲ. ಉಂಡ ಮೇಲೆ ಯಾರಿಗೆ ನಿದ್ದೆ ಬರಲ್ಲ? ಅರೆ, ಇಂಥದ್ದೇ ಒಂದು ನಮ್ಮಲ್ಲೂ ಇದೆಯಲ್ಲ ಅಂತ ನೆನಪಾಯಿತು, ಅಷ್ಟೇ.

ನಮ್ಮ ಮನೆ ಮೂಡಿಗೆರೆ ಕಡೆ, ಹಳ್ಳದ ಆಚೆ. ಹಳ್ಳಕ್ಕೆ ಎರಡು ಅಡಿಕೆ ಮರ ಹಾಸಿದ ಕಾಲುಸಂಕ. ಅದು ದಾಟಿದರೆ ಗದ್ದೆ ಅಂಚು, ಆಮೇಲೆ ಕಾಫಿ ತೋಟದ ಏರು, ಆಮೇಲೆ ಟಾರ್ ರಸ್ತೆ. ಜೀಪು, 108 ಎಲ್ಲ ಅಲ್ಲಿಗೇ ನಿಲ್ಲುತ್ತವೆ. ರಿಕ್ಲೈನರ್ ಸುದ್ದಿಯ ಹಿಂದಿನ ಮಳೆಗಾಲ, ಪುಷ್ಯ ಮಳೆ ಹಿಡಿದು ಕೂತಿದ್ದಾಗ, ಪಕ್ಕದ ಮನೆ ಅಜ್ಜಿ ಅಂಗಳದ ಪಾಚಿಯಲ್ಲಿ ಜಾರಿ ಕಾಲು ಮುರಿದುಕೊಂಡರು. ಅವರ ಮನೆ ನಾಮಕರಣಕ್ಕೆ ತಂದಿದ್ದ ಶಾಮಿಯಾನದ ಪ್ಲಾಸ್ಟಿಕ್ ಕುರ್ಚಿಗಳು, ಮಳೆ ಬಿಡಲಿ ಅಂತ ಜಗಲಿಯಲ್ಲೇ ಇದ್ದವು. ಅದರಲ್ಲಿ ಒಂದನ್ನು ಎರಡು ಬಿದಿರಿಗೆ ಬಿಗಿದೆವು. ನೆಟ್ಟಗೆ ಕಟ್ಟಬಾರದು. ಸ್ವಲ್ಪ ಹಿಂದಕ್ಕೆ ವಾಲಿಸಿ ಕಟ್ಟಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಕೂತವರು ಮುಂದಕ್ಕೆ ಜಾರುತ್ತಾರೆ. ಮುರಿದ ಕಾಲು ಚಾಚಲು ಅಡ್ಡ ಒಂದು ಹಲಗೆ. ಮೇಲೊಂದು ಕಂಬಳಿ ಕೊಪ್ಪೆ. ರಿಕ್ಲೈನರ್ ರೆಡಿ.

ಹೊರಲು ನಾಲ್ಕು ಜನ. ಸಂಕದ ಮೇಲೆ ಇಬ್ಬರು ಜೊತೆಯಾಗಿ ನಡೆಯಲು ಜಾಗ ಇಲ್ಲ. ಹಾಗಾಗಿ ಮುಂದೊಬ್ಬ, ಹಿಂದೊಬ್ಬ ಮರದ ಮೇಲೆ. ಮಿಕ್ಕ ಇಬ್ಬರು ಸೊಂಟಮಟ್ಟ ನೀರಿಗಿಳಿದು ಕೆಳಗಿಂದ ಕುರ್ಚಿ ಆನಿಸಿ ಹಿಡಿದರು. "ನಿಧಾನ ಮಾರಾಯ, ಇನ್ನೊಂದು ಕಾಲಾದ್ರೂ ಉಳೀಲಿ" ಅಂತ ಮೇಲಿಂದ ಅಜ್ಜಿ. ಟಾರ್ ರಸ್ತೆಗೆ ಬಂದು ನೋಡಿದರೆ ಎಲ್ಲರ ಕಾಲಲ್ಲೂ ಉಂಬಳ.

ಒಂದು ಸಿಮೆಂಟಿನ ಸಂಕ ಮಾಡಿಕೊಡಿ ಅಂತ ವರ್ಷ ವರ್ಷ ಅರ್ಜಿ ಕೊಡುತ್ತೇವೆ. "ಅನುದಾನ ಬರ್ಲಿ, ನೋಡೋಣ" ಅಂತಾರೆ. ಈ ಅನುದಾನ ಹೇಗೆ ಬರುತ್ತೆ ಅಂತ ಗೊತ್ತಾಗಿದ್ದು 2025ರ ಮಾರ್ಚ್ 21ರಂದು. ಟೀವಿಯಲ್ಲಿ ನೋಡಿದೆ. ಸದನದಲ್ಲಿ ಕಾಗದ ಹರಿದು ತೂರುತ್ತಿದ್ದರು. ಅವತ್ತೇ 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಆ ಗದ್ದಲದ ನಡುವೆಯೇ, ಒಂದು ಮಾತಿನ ಚರ್ಚೆಯೂ ಇಲ್ಲದೆ, ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ಭತ್ಯೆ ಬೇರೆ. ಅಷ್ಟು ಪ್ರವಾಹದಲ್ಲೂ ಆ ಕಡತ ಒಂದು ಹನಿ ಒದ್ದೆಯಾಗದೆ ಆಚೆ ದಡ ಸೇರಿತು ನೋಡಿ! ನಮ್ಮ ಹುಡುಗರಿಗೆ ಅಜ್ಜಿಯನ್ನು ಹಾಗೆ ದಾಟಿಸಲು ಬರಲಿಲ್ಲ.

ನಮ್ಮನ್ನು ಮರೆತುಬಿಟ್ಟಿದ್ದಾರೆ ಅಂತ ಗೊಣಗುತ್ತಿದ್ದೆ. ಆಮೇಲೆ, ನೆನಪಿಟ್ಟುಕೊಂಡ ಊರಿನವರ ಕಥೆ ಏನು ಅಂತ ನೋಡಿ ಸುಮ್ನಾದೆ. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ನಂಜುಂಡಪ್ಪ ಸಮಿತಿ ವರದಿ ಕೊಟ್ಟಿದ್ದು 2002ರಲ್ಲಿ. ತೀರಾ ಹಿಂದುಳಿದ 39ರಲ್ಲಿ ಉತ್ತರ ಕರ್ನಾಟಕದ್ದೇ ಜಾಸ್ತಿ. ಹತ್ತು ವರ್ಷ ಆದಮೇಲೆ, 2012ರಲ್ಲಿ, ಬೆಳಗಾವಿಯಲ್ಲಿ ಸುಮಾರು 400 ಕೋಟಿಯ ಸುವರ್ಣ ವಿಧಾನಸೌಧ ಎದ್ದಿತು. ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಚಳಿಗಾಲದಲ್ಲಿ ಹತ್ತು ದಿನ ಅಧಿವೇಶನ. ಮಿಕ್ಕ ದಿನ ಹೆಚ್ಚುಕಮ್ಮಿ ಕಟ್ಟಡಕ್ಕೇ ನಿದ್ದೆ. 2022ರಲ್ಲಿ ಅಲ್ಲಿಯ ಕೆಲಸದ ಹೆಂಗಸೊಬ್ಬರು ಅದರ ಎದುರಿಗೆ ಶಾವಿಗೆ ಒಣಹಾಕಿದ ಫೋಟೋ ಎಲ್ಲ ಕಡೆ ಓಡಾಡಿತು. ಸೌಧದ ಮರ್ಯಾದೆ ಹೋಯಿತು ಅಂತ ಗಲಾಟೆಯೋ ಗಲಾಟೆ. ನನ್ನ ಪ್ರಕಾರ ಆ ಕಟ್ಟಡ ಒಂದು ಬಡಮನೆಯ ಅಡುಗೆಕೋಣೆ ತಲುಪಿದ್ದು ಅದೊಂದೇ ಸಲ.

2024ರಲ್ಲಿ ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿಯೂ ಆಯಿತು. ಹಿಂದುಳಿದವರು ಈಗ ಎಷ್ಟು ಹಿಂದಿದ್ದಾರೆ ಅಂತ ಹೊಸದಾಗಿ ಅಳೆಯಬೇಕಲ್ವಾ.

ಅಜ್ಜಿ ಈಗ ಕೋಲು ಹಿಡಿದು ಓಡಾಡುತ್ತಾರೆ. ಕುರ್ಚಿಯ ಒಂದು ಕೈ ಮಾತ್ರ ಸೀಳಿತ್ತು. ಶಾಮಿಯಾನದವರು ಬಂದು, ತಿರುಗಿಸಿ ಮುರುಗಿಸಿ ನೋಡಿ, ಲೇಟಾಗಿದ್ದಕ್ಕೆ ಬಾಡಿಗೆ, ಸೀಳಿದ್ದಕ್ಕೆ ದಂಡ, ಎರಡನ್ನೂ ಬರೆದು ಚೀಟಿ ಕೊಟ್ಟಿದ್ದರು. ಆ ಚೀಟಿಯನ್ನು ಹಾಗೇ ಇಟ್ಟುಕೊಂಡಿದ್ದೆ. ಈ ಸಲದ ಅರ್ಜಿಗೆ ಅದನ್ನು ಲಗತ್ತಿಸಿದ್ದೇವೆ. 'ವಿಷಯ' ಅಂತ ಇರುವ ಕಡೆ ಸಂಕದ ಸುದ್ದಿಯನ್ನೇ ಎತ್ತಿಲ್ಲ. 'ರಿಕ್ಲೈನರ್ ಬಾಡಿಗೆ ಮಂಜೂರು ಮಾಡುವ ಬಗ್ಗೆ' ಅಂತ ಬರೆದಿದ್ದೇವೆ.