ಸ್ಪಷ್ಟನೆ: ಸೆಕೆಂಡ್ ಹ್ಯಾಂಡ್ ಕಾರಿಗೂ ರೀಕಾಲ್ ಉಂಟು

'ವಾರಂಟಿ ಮುಗಿದ ಕಾರಿಗೆ, ಸೆಕೆಂಡ್ ಹ್ಯಾಂಡ್ ಕಾರಿಗೆ ರೀಕಾಲ್ ಇಲ್ಲ, ದುಡ್ಡು ಕೊಟ್ಟೇ ಮಾಡಿಸಬೇಕು' ಎಂಬ ಸಂದೇಶ ಉಡುಪಿ, ಮಂಗಳೂರಿನ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ರೀಕಾಲ್ ಅಂದರೆ ತಯಾರಿಕೆಯಲ್ಲೇ ದೋಷವಿರುವ ಕಾರುಗಳನ್ನು ಕಂಪನಿಯೇ ವಾಪಸ್ ಕರೆದು ಸರಿಮಾಡಿಕೊಡುವುದು. ರೀಕಾಲ್‌ಗೆ ನೋಡುವುದು ಚಾಸಿಸ್ ನಂಬರನ್ನು, ಮಾಲೀಕರ ಹೆಸರನ್ನಲ್ಲ. ರಿಪೇರಿ ಉಚಿತ. ಸರ್ಕಾರದ ಕಡ್ಡಾಯ ರೀಕಾಲ್ ನಿಯಮದಲ್ಲಿ ಕಾರಿನ ವಯಸ್ಸಿಗೆ 7 ವರ್ಷದ ಮಿತಿ ಇದೆ ನಿಜ, ಆದರೆ ಅದಕ್ಕೂ ವಾರಂಟಿಗೂ ಸಂಬಂಧವಿಲ್ಲ.

ನಮ್ಮ ಕರಾವಳಿಯವರು ಇದನ್ನು ಜಾಸ್ತಿ ಗಮನಿಸಬೇಕು. ರೀಕಾಲ್ ಆದ ತಕಾಟಾ (ಜಪಾನಿನ ಕಂಪನಿ) ಏರ್‌ಬ್ಯಾಗ್‌ಗಳನ್ನೇ ನೋಡಿ. ಅವುಗಳ ಇನ್‌ಫ್ಲೇಟರ್‌ನಲ್ಲಿದ್ದ (ಏರ್‌ಬ್ಯಾಗಿಗೆ ಗ್ಯಾಸ್ ತುಂಬುವ ಲೋಹದ ಡಬ್ಬಿ) ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವಕ್ಕೆ ಹಾಳಾಗುತ್ತದೆ. ಆಮೇಲೆ ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಲೋಹದ ಡಬ್ಬಿಯೇ ಸಿಡಿದು, ಚೂರುಗಳು ಮುಖ, ಕುತ್ತಿಗೆಗೆ ನುಗ್ಗಬಹುದು. ಕಾರು ಹಳತಾದಷ್ಟೂ ಅಪಾಯ ಜಾಸ್ತಿ ಅಲ್ವಾ?

ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿ.